ಉಗುರಿನ ಬುಡದಲ್ಲಿ ಶ್ವಾಸಕೋಶದ ಸುಳಿವು



ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವಲ್ಲ ಎಂದಾದ ಮೇಲೂ ಒಣ ಕೆಮ್ಮು ನಿಲ್ಲದೆ, ದಿಬ್ಬ ಹತ್ತುವಾಗ ಏದುಸಿರು ಹೆಚ್ಚುತ್ತಾ ಹೋದರೆ? ಶ್ವಾಸಕೋಶದ ಗಾಳಿಗೂಡುಗಳ ನಡುವಿನ ತೆಳು ಪೊರೆ ಗಡುಸಾಗುವ ಕಾಯಿಲೆಗಳಿವೆ. ಆರಂಭದಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು. ಎಚ್.ಆರ್.ಸಿ.ಟಿ. ಸ್ಕ್ಯಾನ್ ಎದೆಯನ್ನು ಸುಮಾರು 1 ಮಿಲಿಮೀಟರಿನ ಪದರಗಳಾಗಿ ತೋರಿಸುತ್ತದೆ. ಮಂಜು ಕವಿದ ಗಾಜಿನಂಥ ಮಬ್ಬು, ಬಲಿತಲ್ಲಿ ಜೇನುಹುಟ್ಟಿನಂಥ ತೂತುಗಳು ಕಾಣುತ್ತವೆ.

ಆದರೆ ಕಾರಣವನ್ನು ಸ್ಕ್ಯಾನೊಂದೇ ಯಾವಾಗಲೂ ಹೇಳದು. ಆಗ ಬೆರಳನ್ನೂ ನೋಡಬೇಕು. ಉಗುರಿನ ಬುಡದ ಚರ್ಮಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಆರೋಗ್ಯವಂತರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೇರ್‌ಪಿನ್ನು ಸಾಲಿಟ್ಟಂತೆ ಇರುತ್ತವೆ. ಚರ್ಮ ಬಿಗಿಯುವ ಸ್ಕ್ಲೀರೋಡರ್ಮಾ ರೋಗದಲ್ಲಿ ಕೆಲವು ಊದಿಕೊಂಡಿರುತ್ತವೆ, ಅಲ್ಲಲ್ಲಿ ರಕ್ತ ಜಿನುಗಿದ ಚುಕ್ಕೆ, ಮುಂದೆ ನಾಳಗಳೇ ಇಲ್ಲದ ಬಯಲು.

ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಸ್ಕ್ಲೀರೋಡರ್ಮಾದ ಶ್ವಾಸಕೋಶಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ. ಕಾರಣವೇ ಸಿಗದೆ ಗಡುಸಾಗುವ ಇನ್ನೊಂದು ಕಾಯಿಲೆಯಲ್ಲಿ ಅಂಥ ಔಷಧಗಳ ಒಂದು ಜೋಡಣೆ ಹಾನಿಯನ್ನೇ ಮಾಡಿತೆಂದು 2012ರಲ್ಲಿ ಗೊತ್ತಾಯಿತು.

ಚಳಿಗೆ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಮತ್ತೆ ಕೆಂಪಾಗುವುದನ್ನು ಫ್ರಾನ್ಸಿನ ಮಾರಿಸ್ ರೇನೋ 1862ರಲ್ಲೇ ವರ್ಣಿಸಿದ್ದರು. ಬಹಳ ಮಂದಿಗೆ ಅದರಿಂದ ಅಪಾಯವಿಲ್ಲ. ಏದುಸಿರು ಜೊತೆಗೂಡಿದರೆ ಮಾತು ಬೇರೆ. ನಮ್ಮವರು ಕೆಮ್ಮನ್ನು ಹೇಳುತ್ತಾರೆ, ಬೆರಳಿನ ಸುದ್ದಿ ಎತ್ತುವುದಿಲ್ಲ; ಬೆರಳಿಗೂ ಎದೆಗೂ ಏನು ಸಂಬಂಧ ಅನ್ನಿಸುವುದು ಸಹಜವೇ. ಡಾಕ್ಟರು ಕೇಳದಿದ್ದರೂ ಹೇಳಿ. ಆಸ್ಪತ್ರೆಯ ಭಾಷೆ ನಾಲಿಗೆಗೆ ಬಾರದಿದ್ದರೆ, ಎರಡೂ ಕೈ ಚಾಚಿ ತೋರಿಸಿ.