ಮೊಬೈಲಿನಲ್ಲಿ ಜಾಗ ಬಿಡಿಸಿಕೊಳ್ಳುವ ಬಗೆ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ತೊಗರಿಯಲ್ಲಿ ಗೊಡ್ಡು ರೋಗದ ಲಕ್ಷಣ ಕಂಡಿರಿ. ತಜ್ಞರಿಗೆ ತೋರಿಸಲು ಫೋಟೋ ತೆಗೆಯಹೋದರೆ ಫೋನಿನಲ್ಲಿ ಜಾಗವಿಲ್ಲ. ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸಿದರೆ ಪಹಣಿಯ ಪ್ರತಿ, ಬೆಳೆಹಾನಿಯ ಫೋಟೋಗಳೂ ಹೋದಾವು. ಆದ್ದರಿಂದ ಕಳೆ ಯಾವುದು, ಪೈರು ಯಾವುದು ಎಂಬುದನ್ನು ಮೊದಲು ಗುರುತಿಸಬೇಕು.

ಮೊದಲನೆಯದಾಗಿ, ಬೇಕಾದ ಫೋಟೋ, ಕಾಗದಪತ್ರಗಳನ್ನು ಮೆಮೊರಿ ಕಾರ್ಡಿಗೋ ಕಂಪ್ಯೂಟರಿಗೋ ನಕಲು ಮಾಡಿ, ಅಲ್ಲಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿರಿ.

ಎರಡನೆಯದಾಗಿ, ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್' ತೆರೆಯಿರಿ. 5 ಎಂ.ಬಿ.ಗಿಂತ ದೊಡ್ಡ ಕಡತಗಳು ಅಲ್ಲಿ ಒಟ್ಟಾಗಿ ಕಾಣುತ್ತವೆ. ಬೇಡದ ವೀಡಿಯೋಗಳನ್ನು ಅಲ್ಲಿಯೇ ಅಳಿಸಿರಿ. ಫೋಟೋ, ವೀಡಿಯೋ ತಾವಾಗಿಯೇ ಇಳಿದು ತುಂಬಿಕೊಳ್ಳುವುದನ್ನೂ ಅದೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿರಿ. ಇಲ್ಲವಾದರೆ ಕಳೆ ಮತ್ತೆ ಚಿಗುರುತ್ತದೆ.

ಮೂರನೆಯದಾಗಿ, ಆ್ಯಪ್‌ಗಳ 'ಕ್ಯಾಶ್' ಅಳಿಸಬಹುದು. ಅದು ತಾತ್ಕಾಲಿಕ ಸಂಗ್ರಹ. ಆದರೆ 'ಡೇಟಾ' ಅಳಿಸಕೂಡದು. ಒಳಗೆ ಉಳಿಸಿಟ್ಟ ಮಾಹಿತಿಯೇ ಹೋಗುತ್ತದೆ.

ಒಂದು ಎಚ್ಚರಿಕೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದೆಯೆಂಬ ಧೈರ್ಯದಿಂದ ಅದರಲ್ಲಿ ಫೋಟೋ ಅಳಿಸಿದರೆ ಎರಡೂ ಕಡೆಯ ಪ್ರತಿ ಹೋಗುತ್ತದೆ. 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಫೋನಿನ ಪ್ರತಿ ಮಾತ್ರ ಹೋಗಿ, ಬ್ಯಾಕಪ್ ಉಳಿಯುತ್ತದೆ. ತಪ್ಪಿ ಅಳಿಸಿದ್ದರೆ, ಬ್ಯಾಕಪ್ ಆದ ಫೋಟೋಗಳನ್ನು 60 ದಿನಗಳೊಳಗೆ 'ಟ್ರ್ಯಾಶ್'ನಿಂದ ಮರಳಿ ಪಡೆಯಬಹುದು.

ತಿಂಗಳಿಗೊಮ್ಮೆ ಹೀಗೆ ಕಳೆ ತೆಗೆದರೆ, ಬೇಕಾದ ಹೊತ್ತಿಗೆ ಫೋನು ಕೈಕೊಡದು.