ಅಮ್ಮನ ಮರೆವು, ನಾನು ಕಳಿಸಿದ ಮಾತ್ರೆ ಡಬ್ಬಿ

ಮೊದಲೇ ಹೇಳಿಬಿಡ್ತೀನಿ, ನಾನು ಐರೋಲಿಯಲ್ಲಿ ಕೋಡ್ ಬರೆಯೋನು, ಡಾಕ್ಟರ್ ಅಲ್ಲ.

ಹೋದ ವರ್ಷ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿದಾಗೆಲ್ಲ "ಊಟ ಆಯ್ತಾ" ಅಂತ ಮೂರು ಮೂರು ಸಲ ಕೇಳೋಕೆ ಶುರು ಮಾಡಿದ್ರು. ನಾನು ಮಾಡಿದ್ದೇನು? ಆನ್‌ಲೈನ್‌ನಲ್ಲಿ ಆಂಟಿಆಕ್ಸಿಡೆಂಟ್ ಮಾತ್ರೆ ಆರ್ಡರ್ ಮಾಡಿ ಮನೆಗೆ ಕಳಿಸಿದೆ. ಒಂದಲ್ಲ ಎರಡಲ್ಲ, ಎಂಟು ತಿಂಗಳು.

ನಾನು ಓದಿದ ವಿಜ್ಞಾನವೇನೂ ಸುಳ್ಳಲ್ಲ. ಮಿದುಳು ದೇಹದ ತೂಕದಲ್ಲಿ ಬರೀ ಶೇ. 2. ಆದ್ರೆ ನಾವು ಬಳಸೋ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಈ ಕೆಲಸದಲ್ಲಿ ಮೈಟೋಕಾಂಡ್ರಿಯಾದಿಂದ ಸೂಪರ್‌ಆಕ್ಸೈಡ್ ಸೋರುತ್ತೆ. ಎಸ್‌ಒಡಿ ಎಂಬ ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತೆ. ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ವ್ಯವಸ್ಥೆ ಅದನ್ನು ನೀರಾಗಿಸುತ್ತವೆ. ಆಲ್ಝೈಮರ್ಸ್‌ನಲ್ಲಿ ಈ ಲೆಕ್ಕ ತಪ್ಪುತ್ತೆ. ಅಮಿಲಾಯ್ಡ್ ಬೀಟಾ ತಾಮ್ರವನ್ನು ಹಿಡಿದುಕೊಂಡು ಇನ್ನಷ್ಟು ರಾಡಿಕಲ್ ಹುಟ್ಟಿಸುತ್ತೆ, ನರಕೋಶದ ಪೊರೆ ಹಾಳಾಗುತ್ತೆ. ಮುಂಬೈಯ ಉಪ್ಪುಗಾಳಿಗೆ ನಮ್ಮ ಕಿಟಕಿ ಗ್ರಿಲ್ ತುಕ್ಕು ಹಿಡಿಯುತ್ತಲ್ಲ, ಹೆಚ್ಚುಕಡಿಮೆ ಹಾಗೇ.

ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ 2020ರಲ್ಲಿ ಬರ್ಬೆರಿನ್ ಅಣುವನ್ನು ಬದಲಿಸಿ, ನೀರಲ್ಲಿ ಕರಗುವ ಆಂಟಿಆಕ್ಸಿಡೆಂಟ್ ಒಂದನ್ನು ತಯಾರಿಸಿತು. ಬರ್ಬೆರಿನ್ ನಮ್ಮ ಮರದರಿಶಿನದಲ್ಲೂ ಇದೆ. ಹಾಗಂತ ಪುಡಿ ತರೋಕೆ ಓಡಬೇಡಿ! ಅದು ಪ್ರಯೋಗನಳಿಕೆ ಮತ್ತು ಜೀವಕೋಶಗಳಲ್ಲಿ ಸಿಕ್ಕ ಫಲಿತಾಂಶ.

ಮನುಷ್ಯರಲ್ಲಿ? 2005ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಸೌಮ್ಯ ಮರೆವಿನ 769 ಜನರಿದ್ದರು. ಮೂರು ವರ್ಷ ವಿಟಮಿನ್ ಇ ಕೊಟ್ಟರೂ ಅದು ಆಲ್ಝೈಮರ್ಸ್ ತಡೆಯಲಿಲ್ಲ. 2014ರ ಇನ್ನೊಂದರಲ್ಲಿ, ಕಾಯಿಲೆ ಈಗಾಗಲೇ ಇದ್ದವರ ದಿನನಿತ್ಯದ ಕೆಲಸದ ಶಕ್ತಿ ಕುಗ್ಗೋದು ಸ್ವಲ್ಪ ನಿಧಾನವಾಯ್ತು. ಜ್ಞಾಪಕಶಕ್ತಿ ಸುಧಾರಿಸಲಿಲ್ಲ.

ಕೊನೆಗೂ ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಅವರು ಮೊದಲು ನೋಡಿದ್ದೇ ಆ ಡಬ್ಬಿ. ಅಮ್ಮ ಹೃದಯದ ತೊಂದರೆಗೆ ರಕ್ತ ತೆಳುವಾಗೋ ಮಾತ್ರೆ ತಗೋತಾರೆ. ಅದರ ಜೊತೆ ಹೆಚ್ಚು ಡೋಸಿನ ವಿಟಮಿನ್ ಇ ಸೇರಿದ್ರೆ ರಕ್ತಸ್ರಾವದ ಅಪಾಯ. "ಇದು ಯಾರು ಕೊಟ್ಟಿದ್ದು?" ಅಂತ ಕೇಳಿದ್ರು. ಅಮ್ಮ ಹೆಮ್ಮೆಯಿಂದ, "ಮಗ ಬಾಂಬೆಯಿಂದ ಕಳಿಸಿದ್ದು" ಅಂದ್ರು.

ಈಗ ಅಮ್ಮಂಗೆ ಆಲ್ಝೈಮರ್ಸ್ ಅಂತ ಗೊತ್ತಾಗಿದೆ, ಚಿಕಿತ್ಸೆ ನಡೀತಿದೆ. ಆ ಎಂಟು ತಿಂಗಳು ವಾಪಸ್ ಬರಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದ್ರೂ ಮರೆವು ಶುರುವಾಗಿದ್ರೆ ಮಾತ್ರೆ ಕೊರಿಯರ್ ಮಾಡಬೇಡಿ. ರಜೆ ಹಾಕಿ ಊರಿಗೆ ಹೋಗಿ. ಅವರು ತಗೊಳ್ಳೋ ಎಲ್ಲ ಔಷಧಿ ಒಂದು ಚೀಲಕ್ಕೆ ಹಾಕ್ಕೊಂಡು ಡಾಕ್ಟರಿಗೆ ತೋರಿಸಿ. ಬಿ12, ಥೈರಾಯ್ಡ್ ಪರೀಕ್ಷೆ ಬಗ್ಗೆ ಕೇಳಿ. ಅವುಗಳ ಕೊರತೆಯಿಂದ ಬಂದ ಮರೆವಾದ್ರೆ ಅದಕ್ಕೆ ಚಿಕಿತ್ಸೆ ಇದೆ.