ಪೆಟ್ರೋಲಿನೊಳಗೆ ಕಬ್ಬಿನ ಪಾಲು



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಸ್ಕೂಟರು ನಡುದಾರಿಯಲ್ಲಿ ನಿಂತುಹೋಯಿತು. ಮೂರು ವಾರ ಮನೆಯ ಮುಂದೆ ಮಳೆಯಲ್ಲಿ ನೆನೆದಿದ್ದ ಗಾಡಿ ಅದು. ಮೆಕ್ಯಾನಿಕ್ ಕಾರ್ಬುರೇಟರಿನ ಬಟ್ಟಲನ್ನು ಬಿಚ್ಚಿ, ಅದರಲ್ಲಿದ್ದುದನ್ನು ಗಾಜಿನ ಶೀಸೆಗೆ ಸುರಿದು ನನ್ನೆದುರು ಹಿಡಿದ. ಮೇಲೆ ಪೆಟ್ರೋಲು, ತಳದಲ್ಲಿ ಬೇರೆಯೇ ಒಂದು ಪದರ. “ಎಲ್ಲಾ ಎಥನಾಲ್ ಮಹಿಮೆ ಸಾರ್” ಎಂದ. ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಹೇಗೆ ಎಂಬುದನ್ನೇ ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಎಥನಾಲ್ ಎಂದರೆ ನಿಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಈಥೈಲ್ ಆಲ್ಕೊಹಾಲ್. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದಕ್ಕೆ ನೀರು ಬೆರೆಸಿ ಯೀಸ್ಟ್ ಸೇರಿಸಿದರೆ, ಯೀಸ್ಟ್ ಅದರ ಸಕ್ಕರೆಯನ್ನು ತಿಂದು ಎಥನಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಅನಂತರ ಬಟ್ಟಿ ಇಳಿಸಬೇಕು. ಆದರೆ ಎಷ್ಟು ಸಲ ಬಟ್ಟಿ ಇಳಿಸಿದರೂ ಶೇಕಡಾ 96ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕೊನೆಯ ಪಾಲು ನೀರು ಎಥನಾಲನ್ನು ಬಿಟ್ಟು ಹೋಗುವುದಿಲ್ಲ. ಅದನ್ನು ತೆಗೆಯಲು ಕಾರ್ಖಾನೆಗಳಲ್ಲಿ ಅಣುಜರಡಿಯನ್ನು ಬಳಸುತ್ತಾರೆ. ಅದರ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಅಣು ಸಿಕ್ಕಿಬೀಳುತ್ತದೆ, ಗಾತ್ರದಲ್ಲಿ ದೊಡ್ಡದಾದ ಎಥನಾಲ್ ಅಣು ಹೊರಗುಳಿದು ಮುಂದೆ ಸಾಗುತ್ತದೆ.

ಈ ನಂಟನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬಹುದು. ಅಧ್ಯಾಪಕರ ಸಮ್ಮುಖದಲ್ಲಿ ಮಾತ್ರ, ಬೆಂಕಿಯ ಸುಳಿವಿಲ್ಲದ ಕಡೆ; ಮನೆಯಲ್ಲಿ ಖಂಡಿತ ಬೇಡ. ಅಳತೆಯ ಜಾಡಿಯಲ್ಲಿ 50 ಮಿಲಿಲೀಟರ್ ನೀರು, 50 ಮಿಲಿಲೀಟರ್ ಪೆಟ್ರೋಲು ತೆಗೆದುಕೊಂಡು ಕುಲುಕಿ ಇಡಿ. ಬರಿಯ ಪೆಟ್ರೋಲಾದರೆ ಎರಡೂ 50 ಆಗಿಯೇ ಉಳಿಯುತ್ತವೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಾದರೆ, ಕೆಳಗಿನ ಪದರ ಸುಮಾರು 60ಕ್ಕೆ ಏರುತ್ತದೆ, ಮೇಲಿನದು 40ಕ್ಕೆ ಇಳಿಯುತ್ತದೆ. ಎಥನಾಲ್ ಪೆಟ್ರೋಲಿನ ಸಂಗ ತೊರೆದು ನೀರಿನ ಕಡೆಗೆ ಹೋಯಿತು! ಟ್ಯಾಂಕಿನಲ್ಲಿ ಒಂದಿಷ್ಟು ತೇವವಿದ್ದರೆ ಮಿಶ್ರಣ ಅದನ್ನು ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲನ್ನು ಜೊತೆಗೆ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಇಂಜಿನ್ನಿಗೆ ಇಂಧನ ಹೋಗುವ ಕೊಳವೆ ಇರುವುದೂ ತಳದಲ್ಲೇ ಅಲ್ಲವೇ?

ನಮ್ಮ ದೇಶದಲ್ಲಿ ಈ ಪ್ರಯತ್ನ ಹೊಸದೇನಲ್ಲ. 2001ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2003ರಲ್ಲಿ 9 ರಾಜ್ಯಗಳಲ್ಲಿ ಶೇಕಡಾ 5ರ ಮಿಶ್ರಣ ಬಂತು. ಆಮೇಲೆ ಬಹುಕಾಲ ಕುಂಟಿತು. 2013-14ರಲ್ಲಿ ಬೆರೆತದ್ದು ಶೇಕಡಾ ಒಂದೂವರೆಯಷ್ಟೇ. 2022ರ ಜೂನ್ ವೇಳೆಗೆ ಶೇಕಡಾ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಶೇಕಡಾ 20ರ ಇಂಧನ, ಅಂದರೆ ಇ-20, ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 2025ರಲ್ಲಿ ದೇಶ ಆ ಗುರಿಯನ್ನು ತಲುಪಿತು. ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶಕ್ಕೆ ಇದು ಸಣ್ಣ ಮಾತಲ್ಲ.

ಇನ್ನು ಮೈಲೇಜಿನ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ, ಎಥನಾಲಿನಲ್ಲಿ ಇರುವುದು ಸುಮಾರು 21. ಐದರಲ್ಲಿ ನಾಲ್ಕು ಪಾಲು ಪೆಟ್ರೋಲು, ಒಂದು ಪಾಲು ಎಥನಾಲ್ ಎಂದು ಗುಣಿಸಿ ಕೂಡಿದರೆ 29.8 ಬರುತ್ತದೆ; ಕೊರತೆ ಶೇಕಡಾ 7ರಷ್ಟು. ನೀತಿ ಆಯೋಗದ 2021ರ ವರದಿಯ ಅಂದಾಜೂ ಇದಕ್ಕೆ ಹತ್ತಿರದಲ್ಲೇ ಇದೆ: ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡಾ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ 3ರಿಂದ 4, ಹೊಸ ಇಂಧನಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2. ಲೀಟರಿಗೆ 50 ಕಿಲೋಮೀಟರ್ ಓಡುತ್ತಿದ್ದ ಬೈಕು 48 ಓಡೀತು. ಅರ್ಧಕ್ಕರ್ಧ ಇಳಿಯಿತು ಎನ್ನುವವರ ಗಾಡಿಯಲ್ಲಿ ಬೇರೆ ರೋಗವೂ ಇರಬೇಕು. ಆದರೆ ಶಕ್ತಿ ಕಡಿಮೆಯಾದುದಕ್ಕೆ ಬೆಲೆಯೂ ಕಡಿಮೆಯಿರಬೇಕೆಂದು ಅದೇ ವರದಿ ಹೇಳಿತ್ತು. ಬಂಕಿನಲ್ಲಿ ಮಿಶ್ರಣವನ್ನು ಮಾರುವುದು ಪೆಟ್ರೋಲಿನ ಬೆಲೆಗೇ. ಇಲ್ಲಿ ಗ್ರಾಹಕನ ದೂರು ನ್ಯಾಯವಾದದ್ದೆಂದೇ ನನ್ನ ಅನಿಸಿಕೆ.

ಗುಣಗಳನ್ನೂ ಮರೆಯಬಾರದು. ಎಥನಾಲಿನ ಆಕ್ಟೇನ್ ಸಂಖ್ಯೆ ಹೆಚ್ಚು, ಆದ್ದರಿಂದ ಇಂಜಿನ್ ಬಡಿತ ಕಡಿಮೆ. ಅದರ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಅಸಿಟಾಲ್ಡಿಹೈಡ್ ಮಾತ್ರ ಏರುತ್ತದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಹೊಸ ವಾಹನ ಗಾಳಿ-ಇಂಧನದ ಪ್ರಮಾಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರಿಗೆ ಆ ಜಾಣ್ಮೆಯಿಲ್ಲ. ಜೊತೆಗೆ ಹಳೆಯ ರಬ್ಬರು ಉಬ್ಬಿ ಬಿರಿಯುವ ಭಯವೂ ಉಂಟು.

ಈಗ ಗಾಡಿಯಿಂದಿಳಿದು ಹೊಲಕ್ಕೆ ಹೋಗೋಣ; ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಇರುವುದು ಅಲ್ಲಿ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಬೆಳೆಗಾರರಿಗೆ ಕಾರ್ಖಾನೆಯಿಂದ ಬರಬೇಕಾದ ಬಾಕಿ ಹಣದ ಗೋಳು ಹಳೆಯದು. ಎಥನಾಲ್ ಮಾರಿದ ಕಾರ್ಖಾನೆಯ ಕೈಗೆ ಹಣ ಬೇಗ ಸೇರುತ್ತದೆ, ರೈತನಿಗೂ ಬೇಗ ಸಂದಾಯವಾದೀತು ಎಂಬುದು ಯೋಜನೆಯ ತಿರುಳು. ಆದರೆ ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು, ಬೆಳೆಗೆ ಹಾಯಿಸಿದ ನೀರನ್ನೂ ಸೇರಿಸಿದರೆ, ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ಆ ವರದಿಯೇ ಲೆಕ್ಕಹಾಕಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ಸಕ್ಕರೆಗೇ ಕೊರತೆಯಾದೀತೆಂದು ಕೇಂದ್ರ ಸರ್ಕಾರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ತಡೆಹಾಕಿತು. 2024ರ ಆಗಸ್ಟಿನಲ್ಲಿ ಅದನ್ನು ಸಡಿಲಿಸಿತು. ಆ ನಡುವೆ ಭಾರ ಬಿದ್ದದ್ದು ಮುಸುಕಿನ ಜೋಳದ ಮೇಲೆ. ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್ ಎಥನಾಲ್. ಮೇವಿಗೆ ಅದೇ ಜೋಳವನ್ನು ನಂಬಿದ ಕೋಳಿ ಸಾಕಣೆಯವರು ಬೆಲೆ ಏರಿತೆಂದು ದೂರಿದರು. ಹಾಗೆಂದು ಬೆಳೆಗಾರ ಶಾಶ್ವತವಾಗಿ ಗೆದ್ದನೇ? 2025ರ ನವೆಂಬರಿನಲ್ಲಿ ಗದಗ, ಹಾವೇರಿ ಭಾಗದ ರೈತರು ಜೋಳದ ಬೆಲೆ ಕುಸಿಯಿತೆಂದು ಬೀದಿಗಿಳಿದರು.

ಬ್ರೆಜಿಲ್ ದೇಶ 1975ರಲ್ಲೇ ಈ ದಾರಿ ಹಿಡಿಯಿತು. 2003ರಿಂದ ಅಲ್ಲಿ ಯಾವ ಪ್ರಮಾಣದ ಮಿಶ್ರಣಕ್ಕೂ ಹೊಂದಿಕೊಳ್ಳುವ ಕಾರುಗಳು ಬಂದವು. ಬಂಕಿನಲ್ಲಿ ಬರಿಯ ಎಥನಾಲೂ ಉಂಟು, ಬೆರಕೆಯ ಪೆಟ್ರೋಲೂ ಉಂಟು. ಬೆಲೆ ನೋಡಿ ಆರಿಸಿಕೊಳ್ಳುತ್ತಾರೆ. ಎಥನಾಲಿನ ಬೆಲೆ ಪೆಟ್ರೋಲಿನ ಬೆಲೆಯ ಶೇಕಡಾ 70ಕ್ಕಿಂತ ಕಡಿಮೆಯಿದ್ದರೆ ಲಾಭ ಎಂಬುದು ಅಲ್ಲಿನ ಸಾಮಾನ್ಯ ಚಾಲಕನಿಗೂ ತಿಳಿದ ಲೆಕ್ಕ. ಯಾಕೆ 70 ಎಂಬುದನ್ನು ಮೇಲಿನ ಮೆಗಾಜೂಲುಗಳಿಂದ ನೀವೇ ಊಹಿಸಬಲ್ಲಿರಿ.

ನನ್ನ ಸ್ಕೂಟರಿನ ವಿಷಯ ಅರ್ಧಕ್ಕೆ ನಿಂತಿತ್ತು. ಟ್ಯಾಂಕಿನ ಮುಚ್ಚಳದ ರಬ್ಬರು ಸವೆದು ಮಳೆನೀರು ಒಳಗಿಳಿದಿತ್ತು. ಹಿಂದಿನ ಕಾಲದಲ್ಲಾದರೆ ಆ ನೀರಷ್ಟೇ ತಳದಲ್ಲಿ ನಿಲ್ಲುತ್ತಿತ್ತು, ಈಗ ಎಥನಾಲನ್ನೂ ಕರೆದುಕೊಂಡು ಇಳಿದು ಪದರವನ್ನು ದಪ್ಪಮಾಡಿತ್ತು. ಮುಚ್ಚಳದ ರಬ್ಬರು, ಪೆಟ್ರೋಲಿನ ಕೊಳವೆ ಎರಡನ್ನೂ ಬದಲಿಸಿ, ಟ್ಯಾಂಕು ತೊಳೆಸಿದೆ. ಈಗ ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಹೊರಗೆ ನಿಲ್ಲಿಸುವುದಿಲ್ಲ.